ಕಲ್ಯಾಣಕ್ಕೆ ಬಂದವರು ಒಂದು ರಾತ್ರಿ ಉಳಿಯಲಿ

ಸಮ್ಮೇಳನಕ್ಕೆಂದು ಒಂದು ಊರಿಗೆ ಬರುವ ಪ್ರತಿನಿಧಿಗಳು ಯಾತ್ರಿಕರೂ ಅಲ್ಲ, ಪ್ರವಾಸಿಗರೂ ಅಲ್ಲ. ಅವರು ಕೆಲಸದ ನಿಮಿತ್ತ ಬಂದವರು. ಗೋಷ್ಠಿ ಮುಗಿದ ಬಳಿಕ ಊರು ಹಿಡಿದು ನಿಲ್ಲಿಸಿದರೆ ನಿಲ್ಲುತ್ತಾರೆ. ಇಲ್ಲವಾದರೆ ಸಂಜೆಯ ಬಸ್ಸನ್ನೇ ಹತ್ತುತ್ತಾರೆ. ಆ ಒಂದು ರಾತ್ರಿಯ ವಾಸ್ತವ್ಯದಲ್ಲಿ ವಸತಿಗೃಹ, ಖಾನಾವಳಿ, ಆಟೋ, ಬಟ್ಟೆಯಂಗಡಿ, ಮಿಠಾಯಿಯಂಗಡಿಗಳ ಪಾಲು ಅಡಗಿರುತ್ತದೆ. ಸಭಾಂಗಣ ಎಷ್ಟೇ ಭವ್ಯವಾಗಿರಲಿ, ಪ್ರತಿನಿಧಿಗಳು ಊರಿನ ಪೇಟೆಯನ್ನು ಕಾಣದೆ ಹೊರಟುಹೋದರೆ ಸ್ಥಳೀಯ ವ್ಯಾಪಾರಕ್ಕೆ ಉಳಿಯುವುದು ರಸ್ತೆಯ ಧೂಳು ಮಾತ್ರ.

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪಟ್ಟಣಗಳ ವರ್ತಕರ ಮುಂದೆ ಈ ಪ್ರಶ್ನೆ ಈಗ ನೇರವಾಗಿಯೇ ನಿಂತಿದೆ. 2021ರ ಜನವರಿ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಶಿಲಾನ್ಯಾಸ ನೆರವೇರಿಸಿದರು. ಏಳೂವರೆ ಎಕರೆ ನಿವೇಶನ, 770 ಅಮರಗಣಂಗಳನ್ನು ನೆನಪಿಸುವ 770 ಕಂಬಗಳು, ಅಷ್ಟೇ ಜನ ಕೂಡಬಲ್ಲ ಸಭಾಂಗಣ, ಸುಮಾರು 500 ಕೋಟಿ ರೂಪಾಯಿ ವೆಚ್ಚ ಎಂಬುದು ಆಗ ಪ್ರಕಟವಾದ ಯೋಜನೆ. ಸಭಾಂಗಣ ಕಟ್ಟುವುದು ಸರ್ಕಾರದ ಕೆಲಸ. ಬಂದವರನ್ನು ಉಳಿಸಿಕೊಳ್ಳುವುದು ಊರಿನ ಕೆಲಸ.

ಬಂದು ಸೇರುವವರ ನಗರ

ಹೊರಗಿನಿಂದ ಬಂದವರನ್ನು ತನ್ನವರನ್ನಾಗಿ ಮಾಡಿಕೊಂಡದ್ದರಿಂದಲೇ ಕಲ್ಯಾಣವು ದೊಡ್ಡದಾಯಿತೆಂಬುದಕ್ಕೆ ಚರಿತ್ರೆಯಲ್ಲಿ ಸಾಕಷ್ಟು ನಿದರ್ಶನಗಳಿವೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ನಗರದ ಹೆಸರು ಕಾಶ್ಮೀರದವರೆಗೂ ಹಬ್ಬಿತ್ತು. ಅಲ್ಲಿಂದ ಹೊರಟ ಕವಿ ಬಿಲ್ಹಣನು ಉತ್ತರದ ಅನೇಕ ನಗರಗಳನ್ನು ಸುತ್ತಿ, ಕೊನೆಗೆ ಕಲ್ಯಾಣದ ಆಸ್ಥಾನದಲ್ಲಿ ನೆಲೆನಿಂತು ವಿದ್ಯಾಪತಿಯೆನಿಸಿದನು. ತನಗೆ ಆಶ್ರಯವಿತ್ತ ದೊರೆಯನ್ನು ಕುರಿತು ‘ವಿಕ್ರಮಾಂಕದೇವಚರಿತ’ವನ್ನು ರಚಿಸಿದನು.

ಅದೇ ಆಸ್ಥಾನದ ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರ’ವು ವರ್ತಕ ಕುಟುಂಬಗಳಿಗೆ ಇಂದಿಗೂ ಹತ್ತಿರದ ಗ್ರಂಥ. ಬಂಗಾಳ ಮೊದಲಾದ ಕೆಲವು ಪ್ರದೇಶಗಳನ್ನು ಬಿಟ್ಟು ದೇಶದ ಹೆಚ್ಚಿನ ಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಹಕ್ಕು ನಿಂತದ್ದು ಈ ವ್ಯಾಖ್ಯಾನದ ತಳಹದಿಯ ಮೇಲೆ. ಕರ್ನಾಟಕದಲ್ಲಿ 1994ರಲ್ಲಿ, ದೇಶದಾದ್ಯಂತ 2005ರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಲಭಿಸಿದಾಗ ತಿದ್ದುಪಡಿಗೊಳಗಾದುದೂ ಈ ಪದ್ಧತಿಯೇ. ತಂದೆ–ಮಕ್ಕಳ ಹೆಸರಿನಲ್ಲಿ ನಡೆಯುವ ಅಂಗಡಿಯ ಲೆಕ್ಕಪುಸ್ತಕಕ್ಕೂ ಕಲ್ಯಾಣಕ್ಕೂ ಹೀಗೊಂದು ನಂಟು ಇದೆ.

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆಯನ್ನೂ ವಿವರಿಸಿದ್ದಾನೆ. ಇಡ್ಲಿ, ದೋಸೆ, ವಡೆಗಳ ಪೂರ್ವರೂಪಗಳು ಅದರಲ್ಲಿ ದೊರೆಯುತ್ತವೆ. ಅಂದಿನ ಇಡ್ಲಿ ಉದ್ದಿನ ಹಿಟ್ಟಿನದು, ಅಕ್ಕಿ ಬೆರೆಸಿದ್ದಲ್ಲ. ಉದ್ದು ಇಂದಿಗೂ ಬೀದರ್ ಜಿಲ್ಲೆಯ ಮುಖ್ಯ ಬೆಳೆಗಳಲ್ಲೊಂದು. ಸಮ್ಮೇಳನದ ಉಪಾಹಾರಕ್ಕೆ ದೂರದ ಮಹಾನಗರದ ಪಟ್ಟಿಯನ್ನು ಅನುಕರಿಸುವ ಬದಲು, ಒಂಬತ್ತು ಶತಮಾನಗಳ ಹಿಂದೆ ಇಲ್ಲಿಯೇ ದಾಖಲಾದ ತಿನಿಸನ್ನು ಇಲ್ಲಿನ ಉದ್ದಿನಿಂದಲೇ ಮಾಡಿ ಬಡಿಸುವ ಖಾನಾವಳಿಯು ಬೇರೆ ಜಾಹೀರಾತನ್ನು ಬಯಸದು.

ಕಸುಬುದಾರರೇ ಪ್ರತಿನಿಧಿಗಳು

ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಸೇರಿದ ಶರಣರ ಗೋಷ್ಠಿಯೇ ಅನುಭವ ಮಂಟಪವೆಂದು ಹೆಸರಾಯಿತು. ಅದಕ್ಕೆ ಪ್ರತ್ಯೇಕ ಕಟ್ಟಡವಿತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಅಲ್ಲಿನ ಸಂವಾದಗಳಿಗೆ ಕಥನರೂಪ ಕೊಟ್ಟ ‘ಶೂನ್ಯಸಂಪಾದನೆ’ ಹದಿನೈದನೆಯ ಶತಮಾನದ ಸಂಕಲನ. ಆದರೆ ಆ ಗೋಷ್ಠಿಯಲ್ಲಿ ಯಾರು ಯಾರಿದ್ದರೆಂಬುದನ್ನು ಅವರ ವಚನಗಳೂ ಹೆಸರುಗಳೂ ಇಂದಿಗೂ ಸಾರುತ್ತವೆ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ದನ ಕಾಯುತ್ತಿದ್ದ ತುರುಗಾಹಿ ರಾಮಣ್ಣ ಇವರೆಲ್ಲರ ಗುರುತು ಅವರವರ ಕಸುಬೇ ಆಗಿತ್ತು. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದವರೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನವರು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಮಾರಿ ಬದುಕಿದರು. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದರೆಂಬ ಕಥೆಯು ವ್ಯಾಪಾರ ನೀತಿಯ ಪಾಠವೂ ಹೌದು.

ದುಡಿಮೆಯ ಗೌರವವೇ ಕಾಯಕ, ದುಡಿದುದರ ಹಂಚಿಕೆಯೇ ದಾಸೋಹ. ಬಂದ ಅತಿಥಿಯ ಊಟ ವಸತಿಗಳ ಚಿಂತೆಯು ಆ ಸಭೆಯ ಹೊರಗಿನ ವಿಷಯವಾಗಿರಲಿಲ್ಲ, ಅದರ ತಿರುಳೇ ಆಗಿತ್ತು. ಶರಣರು ಊರು ಬಿಟ್ಟು ಚದುರಿದುದೂ, ಬಳಿಕ ಚಾಲುಕ್ಯರ ರಾಜ್ಯವೇ ಯಾದವ–ಹೊಯ್ಸಳರ ಪಾಲಾದುದೂ ಮುಂದಿನ ಕಥೆ. ಜನರು ಬರುವುದು ನಿಂತರೆ ರಾಜಧಾನಿಯೂ ಹಳ್ಳಿಯಾಗಬಲ್ಲದು ಎಂಬ ಎಚ್ಚರಿಕೆ ಅದರಲ್ಲಿದೆ.

ಬಾಗಿಲು ಹುಮನಾಬಾದ್, ಅಂಗಳ ಕಲ್ಯಾಣ

ಬಸವಕಲ್ಯಾಣಕ್ಕೆ ರೈಲು ಇಲ್ಲ. ಸುಮಾರು 30 ಕಿ.ಮೀ. ದೂರದ ಹುಮನಾಬಾದ್‌ಗೆ ಇದೆ. 2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿ ಅವರು ಉದ್ಘಾಟಿಸಿದ ಬೀದರ್–ಕಲಬುರಗಿ ಮಾರ್ಗವು ಈ ಪಟ್ಟಣವನ್ನು ಹಾದುಹೋಗುತ್ತದೆ. ಪುಣೆ–ಸೊಲ್ಲಾಪುರ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಮತ್ತು ಬೀದರ್–ಕಲಬುರಗಿ–ವಿಜಯಪುರ ಹೆದ್ದಾರಿ 50 ಸಂಧಿಸುವುದೂ ಇಲ್ಲಿಯೇ. ಹೀಗಾಗಿ ರೈಲಿನಲ್ಲಿ ಬರಲಿ, ಬೀದರ್ ಅಥವಾ ಹೈದರಾಬಾದ್ ಕಡೆಯಿಂದ ರಸ್ತೆಯಲ್ಲಿ ಬರಲಿ, ಕಲ್ಯಾಣದ ಪ್ರತಿನಿಧಿಗಳಿಗೆ ಹುಮನಾಬಾದೇ ಬಾಗಿಲು.

ದೊಡ್ಡ ಸಂಖ್ಯೆಯ ಜನರನ್ನು ಸತ್ಕರಿಸುವುದು ಈ ಎರಡೂ ಊರುಗಳಿಗೆ ಹೊಸತಲ್ಲ. ಹುಮನಾಬಾದ್‌ನಲ್ಲಿ ವೀರಭದ್ರೇಶ್ವರನ ಜಾತ್ರೆ ನಡೆಯುತ್ತದೆ. ಅದರ ಮಗ್ಗುಲಿನ ಮಾಣಿಕನಗರದಲ್ಲಿ, ಸಕಲಮತ ತತ್ತ್ವವನ್ನು ಬೋಧಿಸಿದ ಮಾಣಿಕಪ್ರಭುಗಳ ಸಂಸ್ಥಾನವು ದತ್ತ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣಗಳ ಭಕ್ತರನ್ನೂ ಸಂಗೀತಗಾರರನ್ನೂ ಬರಮಾಡಿಕೊಳ್ಳುತ್ತದೆ. ಬಸವಕಲ್ಯಾಣದಲ್ಲಿ ಭಾಲ್ಕಿ ಹಿರೇಮಠದ ಆಶ್ರಯದಲ್ಲಿ ಬೆಳೆದ ಅನುಭವ ಮಂಟಪವು ಪ್ರತಿವರ್ಷ ನವೆಂಬರ್ ಹೊತ್ತಿಗೆ ಶರಣ ಕಮ್ಮಟವನ್ನು ನಡೆಸುತ್ತದೆ. ಕನ್ನಡದ ಜೊತೆಗೆ ಮರಾಠಿ, ಉರ್ದು, ಹಿಂದಿ, ತೆಲುಗುಗಳಲ್ಲಿ ವ್ಯವಹರಿಸಬಲ್ಲ ಪೇಟೆಯು ಅಂತರರಾಜ್ಯ ಸಮ್ಮೇಳನಕ್ಕೆ ಪ್ರತ್ಯೇಕವಾಗಿ ಸಿದ್ಧವಾಗಬೇಕಿಲ್ಲ.

ಜಾತ್ರೆಗೆ ಬಂದವರು ಛತ್ರದಲ್ಲಿ, ಬಯಲಿನಲ್ಲಿ ತಂಗುತ್ತಾರೆ. ಸಮ್ಮೇಳನದ ಪ್ರತಿನಿಧಿಗಳು ಶುಚಿಯಾದ ಕೋಣೆ, ಸಮಯಕ್ಕೆ ಸರಿಯಾದ ವಾಹನ, ಪಕ್ಕಾ ರಸೀದಿ ಕೇಳುತ್ತಾರೆ. ವರ್ತಕರು ತುಂಬಬೇಕಾದ ಅಂತರ ಇದೇ.

ವರ್ತಕರ ಪಾಲಿನ ಕೆಲಸ

ಇದಕ್ಕೆ ಬೃಹತ್ ಬಂಡವಾಳವೇ ಮೊದಲ ಅಗತ್ಯವಲ್ಲ. ಎರಡೂ ಪಟ್ಟಣಗಳ ವಸತಿಗೃಹಗಳು, ಕಲ್ಯಾಣಮಂಟಪಗಳು ಒಟ್ಟುಗೂಡಿ ಕೋಣೆಗಳ ಸಂಖ್ಯೆ ಹಾಗೂ ದರದ ಒಂದೇ ಪಟ್ಟಿಯನ್ನು ಸಿದ್ಧಪಡಿಸಬಹುದು. ಸಮ್ಮೇಳನದ ದಿನಗಳಲ್ಲಿ ದರ ಏರಿಸಲಾಗದೆಂಬ ಒಪ್ಪಂದವು ಸಂಘಟಕರಲ್ಲಿ ವಿಶ್ವಾಸ ತರುತ್ತದೆ. ಹುಮನಾಬಾದ್ ನಿಲ್ದಾಣಕ್ಕೆ ರೈಲು ಬರುವ ವೇಳೆಗೆ ನಿಗದಿತ ದರದ ವಾಹನಗಳು ಅಲ್ಲಿರಬೇಕು. ಸಸ್ತಾಪುರ ಬಂಗ್ಲಾದ ಬಳಿ ಹೆದ್ದಾರಿಯನ್ನು ನೆಚ್ಚಿ ಬೆಳೆದ ಲಾರಿ ದುರಸ್ತಿಯ ಕಸುಬುದಾರರೂ, ತೊಗರಿ, ಉದ್ದು, ಹೆಸರುಗಳ ದಲ್ಲಾಳಿಗಳೂ ಸಮ್ಮೇಳನದ ಆವರಣದಲ್ಲಿ ಮಳಿಗೆ ತೆರೆದರೆ ಹೊರಗಿನ ಉದ್ಯಮಿಗಳೊಡನೆ ಪರಿಚಯ ಬೆಳೆಯುತ್ತದೆ. ನೆನಪಿನ ಕಾಣಿಕೆಗೆ ಜಿಲ್ಲೆಯ ಬಿದರಿ ಕಲೆಗಿಂತ ಮಿಗಿಲಾದುದು ಬೇಕಿಲ್ಲ.

ಪ್ರತಿನಿಧಿಗಳ ಎರಡನೆಯ ದಿನಕ್ಕೆ ಕಾರಣವನ್ನೂ ಒದಗಿಸಬೇಕು. ಕಲ್ಯಾಣದ ಕೋಟೆ, ತ್ರಿಪುರಾಂತಕ ಕೆರೆ, ಅಕ್ಕನಾಗಮ್ಮನ ಗವಿ, 2012ರಲ್ಲಿ ಅನಾವರಣಗೊಂಡ 108 ಅಡಿಯ ಬಸವಣ್ಣನವರ ಮೂರ್ತಿ, ನಾರಾಯಣಪುರದ ಚಾಲುಕ್ಯ ದೇಗುಲ, ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇವಿಷ್ಟನ್ನು ಮಾರ್ಗದರ್ಶಕರೊಡನೆ ನೋಡಲು ಒಂದು ದಿನ ಬೇಕು. ಆ ಒಂದು ದಿನವೇ ಒಂದು ರಾತ್ರಿಯ ಬಾಡಿಗೆ, ಎರಡು ಹೊತ್ತಿನ ಊಟ.

2019ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವೆಂದು ಮರುನಾಮಕರಣಗೊಂಡಿತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಹೆಸರಿನ ಗೌರವ ದೊರೆತಿದೆ. ಅದು ಪೇಟೆಯ ಗಲ್ಲೆಗೆ ತಾನಾಗಿಯೇ ಇಳಿಯದು. ಹುಮನಾಬಾದ್ ಮತ್ತು ಬಸವಕಲ್ಯಾಣದ ವರ್ತಕರು ಪೈಪೋಟಿಯನ್ನು ಬದಿಗಿಟ್ಟು, ಮೊದಲ ಹೆಜ್ಜೆಯಾಗಿ ಕೋಣೆಗಳ ಆ ಒಂದು ಪಟ್ಟಿಯನ್ನು ಸಿದ್ಧಪಡಿಸಲಿ. ಸಭಾಂಗಣದ ಬಾಗಿಲು ತೆರೆಯುವ ಮುನ್ನವೇ ಅದು ಸಂಘಟಕರ ಕೈಯಲ್ಲಿರುವುದು ಒಳಿತು.