ಕೌಂಟರಿಗೊಂದು ಸೇಬು–ದಾಲ್ಚಿನ್ನಿ ಕೇಕ್: ಚಕ್ಕೆ ನೋಡಿ ಕೊಳ್ಳಿ

ಸಂಜೆಯ ಚಹಾ-ಕಾಫಿಯ ಜೊತೆ ಒಂದು ತುಂಡು ಕೇಕ್ ಬೇಕೆನಿಸಿದ ಗಿರಾಕಿ ನಮ್ಮ ಹೋಟೆಲಿನಿಂದ ಎದ್ದು ಪಕ್ಕದ ಬೇಕರಿಗೆ ಹೋಗುತ್ತಾನೆ. ಆ ವ್ಯಾಪಾರವನ್ನು ನಮ್ಮಲ್ಲೇ ಉಳಿಸಿಕೊಳ್ಳಲು ಸುಲಭದ ದಾರಿ ಸೇಬು–ದಾಲ್ಚಿನ್ನಿ ಕೇಕ್. ಇದಕ್ಕೆ ಕ್ರೀಮ್ ಬೇಡ, ಅಲಂಕಾರ ಬೇಡ; ಒಂದು ಸಾಧಾರಣ ಓವನ್ ಸಾಕು. ಶುದ್ಧ ಸಸ್ಯಾಹಾರಿ ಹೋಟೆಲಿನವರು ಮೊಟ್ಟೆಯ ಬದಲು ಮೊಸರಿನಲ್ಲೇ ಮಾಡಬಹುದು.

ಎಂಟು ಇಂಚಿನ ಒಂದು ಕೇಕಿಗೆ ಬೇಕಾದದ್ದು: ಮೈದಾ 220 ಗ್ರಾಂ, ಸಕ್ಕರೆ 150 ಗ್ರಾಂ, ಗಟ್ಟಿ ಮೊಸರು 240 ಗ್ರಾಂ, ವಾಸನೆಯಿಲ್ಲದ ಎಣ್ಣೆ 120 ಮಿ.ಲೀ., ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಚಮಚ, ದಾಲ್ಚಿನ್ನಿ ಪುಡಿ ಒಂದೂವರೆ ಚಮಚ, ಚಿಟಿಕೆ ಉಪ್ಪು, ಸಿಪ್ಪೆ ಮತ್ತು ಬೀಜ ತೆಗೆದ ಸೇಬು 250 ಗ್ರಾಂ.

ಮೊಸರಿಗೆ ಸಕ್ಕರೆ ಕರಗಿಸಿ, ಬೇಕಿಂಗ್ ಪೌಡರ್ ಮತ್ತು ಸೋಡಾ ಹಾಕಿ ಐದು ನಿಮಿಷ ಬಿಡಿ. ನೊರೆ ಎದ್ದ ಮೇಲೆ ಎಣ್ಣೆ ಸೇರಿಸಿ, ಜರಡಿ ಹಿಡಿದ ಮೈದಾ, ಉಪ್ಪು ಮತ್ತು ದಾಲ್ಚಿನ್ನಿ ಪುಡಿ ಕೂಡಿಸಿ. ಹೆಚ್ಚು ಕಲಸಬೇಡಿ, ಕೇಕ್ ಗಟ್ಟಿಯಾದೀತು. ಸಣ್ಣಗೆ ಹೆಚ್ಚಿದ ಸೇಬಿಗೆ ಒಂದು ಚಮಚ ಮೈದಾ ಹೊರಳಿಸಿ ಕೊನೆಗೆ ಹಾಕಿ. ಆಗ ಹೋಳುಗಳು ತಳಕ್ಕಿಳಿಯುವುದಿಲ್ಲ. ಮೊದಲೇ ಕಾಯಿಸಿದ ಓವನ್ನಿನಲ್ಲಿ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 45–50 ನಿಮಿಷ ಬೇಯಿಸಿ. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ. ಕಲಸಿದ ಹಿಟ್ಟನ್ನು ಕಾಯಿಸಬೇಡಿ. ಸೋಡಾದ ಗಾಳಿ ಹೋದರೆ ಕೇಕ್ ಏಳುವುದಿಲ್ಲ.

ಆಗಸ್ಟಿನಿಂದ ಅಕ್ಟೋಬರ್ ತನಕ ಹಿಮಾಚಲ, ಕಾಶ್ಮೀರಗಳ ಹೊಸ ಸೇಬು ಬರುವ ಕಾಲ. ಮುಂಬಯಿಯವರಿಗೆ ವಾಶಿಯ ಎಪಿಎಂಸಿ ಇದ್ದೇ ಇದೆ. ಗಟ್ಟಿ ಹಣ್ಣಾದರೆ ಸಾಕು, ಗಾತ್ರ ಚಿಕ್ಕದಾದರೂ ನಡೆಯುತ್ತದೆ. ಹುಳಿ ಕಮ್ಮಿ ಎನಿಸಿದರೆ ಒಂದು ಚಮಚ ನಿಂಬೆರಸ ಹಿಂಡಿ.

ಇನ್ನು ಮುಖ್ಯವಾದ ಮಾತು ಚಕ್ಕೆಯದು. ನಾವು ಪಲಾವಿಗೆ ಹಾಕುವ ದಪ್ಪ, ಗಡುಸು ಚಕ್ಕೆ ಬಹುಪಾಲು ಕ್ಯಾಸಿಯಾ. ನಮ್ಮ ಆಹಾರ ನಿಯಮಗಳಲ್ಲಿ ಅದಕ್ಕೆ 'ತಜ್' ಎಂಬ ಬೇರೆ ಹೆಸರೇ ಇದೆ. ನಿಜವಾದ ದಾಲ್ಚಿನ್ನಿ ತೆಳ್ಳಗೆ, ಹಲವು ಪದರು ಸುತ್ತಿಕೊಂಡು ಬೀಡಿಯಂತೆ ಇರುತ್ತದೆ, ಬೆರಳಲ್ಲೇ ಮುರಿಯುತ್ತದೆ. ಪುಡಿಯಾದ ಮೇಲೆ ನೋಡಿ ಗುರುತಿಸುವುದು ಕಷ್ಟ. ಆದ್ದರಿಂದ ಕಡ್ಡಿಯನ್ನೇ ಕೊಂಡು ನಮ್ಮಲ್ಲೇ ಪುಡಿ ಮಾಡಿಸುವುದು ಒಳ್ಳೆಯದು.

ಇದು ಬರೀ ರುಚಿಯ ವಿಷಯವಲ್ಲ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು. ಬಹಳ ಪ್ರಮಾಣದಲ್ಲಿ ದಿನವೂ ಹೊಟ್ಟೆಗೆ ಹೋದರೆ ಯಕೃತ್ತಿಗೆ ತೊಂದರೆಯಾಗಬಹುದು. ಯುರೋಪಿನಲ್ಲಿ ಸಾಮಾನ್ಯ ಕೇಕು-ಪೇಸ್ಟ್ರಿಗಳಿಗೆ ಕಿಲೋಗೆ 15 ಮಿ.ಗ್ರಾಂ., ಸಾಂಪ್ರದಾಯಿಕ ಅಥವಾ ಹಬ್ಬದ ದಾಲ್ಚಿನ್ನಿ ತಿನಿಸಿಗೆ 50 ಮಿ.ಗ್ರಾಂ. ಎಂಬ ಮಿತಿಯಿದೆ. 2013ರಲ್ಲಿ ಡೆನ್ಮಾರ್ಕಿನ ಬೇಕರಿಗಳ ದಾಲ್ಚಿನ್ನಿ ಸುರುಳಿಗಳು ಈ ಮಿತಿ ದಾಟಿದ್ದು ಪತ್ತೆಯಾಗಿ ಅಲ್ಲಿ ದೊಡ್ಡ ಗದ್ದಲವಾಯಿತು. ಪಲಾವಿಗೆ ಒಂದು ತುಂಡು ಹಾಕುವುದು ಬೇರೆ, ಕೇಕಿಗೆ ಚಮಚಗಟ್ಟಲೆ ಪುಡಿ ಹಾಕುವುದು ಬೇರೆ.

ನಿಜವಾದ ದಾಲ್ಚಿನ್ನಿಗೆ ಬೆಲೆ ಹೆಚ್ಚು, ಹೌದು. ಆದರೆ ಒಂದು ಕೇಕಿಗೆ ಬೇಕಾಗುವುದು ನಾಲ್ಕೈದು ಗ್ರಾಂ ಮಾತ್ರ. ಅದನ್ನು ಹತ್ತು ತುಂಡುಗಳಿಗೆ ಹಂಚಿ ನೋಡಿದರೆ ಖರ್ಚು ಎಷ್ಟೆಂಬುದು ತಮಗೇ ತಿಳಿಯುತ್ತದೆ. ಬೋರ್ಡಿನ ಮೇಲೆ 'ದಾಲ್ಚಿನ್ನಿ' ಎಂದು ಬರೆದ ಮೇಲೆ ಒಳಗೂ ಅದೇ ಇರಬೇಕು.

ಹಣ್ಣಿನ ಹಸಿ ಇರುವುದರಿಂದ ಈ ಕೇಕ್ ಬೇಗ ಬೂಷ್ಟು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಇನ್ನೂ ಬೇಗ. ಅಂದಿನದ್ದು ಅಂದೇ ಖರ್ಚಾಗುವಷ್ಟೇ ಮಾಡಿ. ಪೊಟ್ಟಣ ಕಟ್ಟಿ ಮಾರುವುದಾದರೆ ತಯಾರಿಸಿದ ತಾರೀಕು, ಹಸಿರು ಗುರುತು, ಮೈದಾ ಮತ್ತು ಹಾಲಿನ ಅಂಶವಿದೆ ಎಂಬ ಸೂಚನೆ ಮರೆಯಬೇಡಿ. ಮೊದಲ ವಾರ ದಿನಕ್ಕೆರಡೇ ಕೇಕ್ ಇಟ್ಟು ನೋಡಿ. ಓವನ್ನಿನಿಂದ ತೆಗೆಯುವಾಗ ಏಳುವ ಪರಿಮಳಕ್ಕಿಂತ ಒಳ್ಳೆಯ ಜಾಹೀರಾತು ಬೇಕಿಲ್ಲ.