ದರಪಟ್ಟಿ ಓದಬಲ್ಲ ಬರಹಗಾರ

ಪ್ರಶ್ನೆ: ಲಾಸಲಗಾಂವ್ ಈರುಳ್ಳಿ ದರದ ಬಗ್ಗೆ ಬರೆಯುವವರಿಗೆ ಭಾಷೆಯ ಜೊತೆಗೆ ಇನ್ನೇನು ತಿಳಿದಿರಬೇಕು?

ಮೊದಲು ಬೇಕಾದದ್ದು ದರಪಟ್ಟಿ ಓದುವ ಅಭ್ಯಾಸ. ನಾಶಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಈ ಮಾರುಕಟ್ಟೆಯ ದರಗಳು ಕೇಂದ್ರ ಸರ್ಕಾರದ ಆಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಸಿಗುತ್ತವೆ. ಅಲ್ಲಿ ಕ್ವಿಂಟಲ್ ಲೆಕ್ಕದಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಬೆಲೆಗಳಿರುತ್ತವೆ. ಗರಿಷ್ಠ ಬೆಲೆ ತಲೆಬರಹಕ್ಕೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಆಯ್ದ ಕೆಲವೇ ಲಾಟುಗಳಿಗೆ ಸಿಕ್ಕಿರಬಹುದು. ಮಾದರಿ ಬೆಲೆ ಎಂದರೆ ಸರಾಸರಿಯೂ ಅಲ್ಲ. ಚಪ್ಪಲಿ ಅಂಗಡಿಯಲ್ಲಿ ಅತಿ ಹೆಚ್ಚು ಖರ್ಚಾಗುವ ಅಳತೆಯಂತೆ, ಹೆಚ್ಚಿನ ಮಾಲು ಬಿಕರಿಯಾದ ದರ. ಬರೆಯಬೇಕಾದದ್ದು ಅದನ್ನು. 100ರಿಂದ ಭಾಗಿಸಿದರೆ ಕಿಲೋ ಬೆಲೆ ಸಿಗುತ್ತದೆ.

ಈ ಮಾದರಿ ಬೆಲೆಯನ್ನು ಆವಕದ, ಅಂದರೆ ಮಾರುಕಟ್ಟೆಗೆ ಬಂದ ಮಾಲಿನ, ಪ್ರಮಾಣದೊಂದಿಗೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ದಿನವೂ ತುಂಬಿ ಗೆರೆನಕ್ಷೆ ತೆಗೆದರೆ ಏರಿಳಿತ ಕಣ್ಣಿಗೆ ಕಾಣುತ್ತದೆ. ಅದರ ಕಾರಣ ಹಲವು ಸಲ ದೆಹಲಿಯಲ್ಲಿರುತ್ತದೆ: 2023ರ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಷೇಧವಾಯಿತು, 2024ರ ಮೇನಲ್ಲಿ ಶೇ 40 ಸುಂಕದೊಂದಿಗೆ ಮತ್ತೆ ಅವಕಾಶ ಸಿಕ್ಕಿತು. ಹಾಗಾಗಿ ಸರ್ಕಾರಿ ಅಧಿಸೂಚನೆ ಹುಡುಕಿ ಓದುವುದೂ ಒಂದು ಕೌಶಲ, ಅದರ ಭಾಷೆ ಎಷ್ಟೇ ಒಣಕಲಾಗಿರಲಿ.

ಕನ್ನಡದಲ್ಲಿ ಬರೆಯುವವರು ಹಳೆಯ ನುಡಿ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಲೂ ಕಲಿತಿರಬೇಕು. ಇಲ್ಲವಾದರೆ ಬರಹ ಅಂತರ್ಜಾಲದ ಹುಡುಕಾಟಕ್ಕೆ ಸಿಗುವುದಿಲ್ಲ.