ದೈವಪ್ರಕಟನೆಯ ಸಾಕ್ಷ್ಯ: ಎಲ್ಲರಿಗೂ ಒಂದೇ ಅಳತೆಗೋಲು

ದೇವರಿಂದ ಸಂದೇಶ ಪಡೆದೆವೆಂದು ಸಾರಿದ ಧರ್ಮಸ್ಥಾಪಕರು ಹಲವರು. ಅವರಲ್ಲಿ ಯಾರ ಮಾತನ್ನು ನಂಬಬೇಕು, ಏಕೆ ನಂಬಬೇಕು ಎಂಬ ಪ್ರಶ್ನೆಯನ್ನು ವಿಶ್ವಾಸಿಗಳು ಗುರುಗಳಾದ ನಮ್ಮ ಮುಂದಿಡುತ್ತಾರೆ. ಇದಕ್ಕೆ ಉತ್ತರಿಸುವಾಗ ಅನ್ಯರಿಗೊಂದು, ನಮಗೊಂದು ಅಳತೆಗೋಲನ್ನು ಬಳಸಿದರೆ ನಮ್ಮ ಮಾತಿಗೆ ಬೆಲೆ ಉಳಿಯದು.

ಮೊದಲು, ಯಾರು ಏನನ್ನು ಪ್ರತಿಪಾದಿಸಿದರೆಂಬುದನ್ನು ಅರಿಯಬೇಕು. ಗೌತಮ ಬುದ್ಧನು ತನ್ನ ಜ್ಞಾನೋದಯವನ್ನು ದೇವರ ಪ್ರಕಟನೆಯೆಂದು ಕರೆಯಲಿಲ್ಲ. ಆತನನ್ನು ಈ ಹೋಲಿಕೆಗೆ ಎಳೆತರುವುದು ಸಲ್ಲದು. ಇಸ್ಲಾಮಿನ ನಂಬಿಕೆಯಂತೆ ಪ್ರವಾದಿ ಮುಹಮ್ಮದರಿಗೆ ಸುಮಾರು 610ರಲ್ಲಿ ಹಿರಾ ಗುಹೆಯಲ್ಲಿ ದೇವವಾಣಿ ಅವತರಿಸತೊಡಗಿತು. ಅಲ್ಲಿ ಪ್ರಕಟವಾದದ್ದು ಕುರಾನ್. ಪ್ರವಾದಿ ಅದನ್ನು ತಲುಪಿಸಿದವರು. ಕ್ರೈಸ್ತ ವಿಶ್ವಾಸದಲ್ಲಾದರೋ ಕ್ರಿಸ್ತನೇ ಪ್ರಕಟನೆಯ ಪೂರ್ಣತೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ಆದ್ದರಿಂದ ನಮ್ಮ ಪರಿಶೀಲನೆ ಆತನ ಬದುಕು, ಮರಣ, ಪುನರುತ್ಥಾನಗಳನ್ನೇ ಕುರಿತದ್ದು.

ಸಂತ ಪೌಲನು ಸುಮಾರು 55ರಲ್ಲಿ ಕೊರಿಂಥದವರಿಗೆ ಬರೆಯುತ್ತಾ ಪುನರುತ್ಥಾನದ ಸಾಕ್ಷಿಗಳನ್ನು ಹೆಸರಿಸುತ್ತಾನೆ: ಪೇತ್ರ, ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಸಹೋದರರು, ಯಕೋಬ, ಎಲ್ಲ ಪ್ರೇಷಿತರು, ಕಡೆಗೆ ತಾನು. ಸಾಕ್ಷಿಗಳ ಸಂಖ್ಯೆಯೇ ಸಾಕೆನ್ನೋಣವೇ? ಅಮೆರಿಕದ ಜೋಸೆಫ್ ಸ್ಮಿತ್ 1830ರಲ್ಲಿ ಪ್ರಕಟಿಸಿದ ಮಾರ್ಮನ್ ಗ್ರಂಥಕ್ಕೂ ಹನ್ನೊಂದು ಸಾಕ್ಷಿಗಳ ಹೇಳಿಕೆಯಿದೆ. ಮರಣವೇ ಪ್ರಮಾಣವೆನ್ನೋಣವೇ? ಸ್ಮಿತ್ ಕೂಡ 1844ರಲ್ಲಿ ಸೆರೆಮನೆಯಲ್ಲಿ ಉದ್ರಿಕ್ತ ಗುಂಪಿಗೆ ಬಲಿಯಾದರು. ಸಾವು ಒಬ್ಬನ ನಿಷ್ಠೆಯನ್ನು ತೋರಬಹುದು; ಅವನು ಹೇಳಿದ್ದು ಸತ್ಯವೆಂಬುದನ್ನು ಅದೊಂದೇ ಸಾಧಿಸದು.

ಹಾಗಾದರೆ ನಮ್ಮ ಆಧಾರವೇನು? ಹಲವು ಕುರುಹುಗಳು ಒಂದೆಡೆ ಕೂಡುವುದೇ ನಮ್ಮ ಆಧಾರ. ಯೇಸುವಿನ ಮರಣ ಬಹಿರಂಗವಾಗಿ ನಡೆದದ್ದು. ಪಿಲಾತನು ವಿಧಿಸಿದ ಆ ದಂಡನೆಯನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಸಹ ಉಲ್ಲೇಖಿಸಿದ್ದಾನೆ. ಪೌಲನು ಧರ್ಮಸಭೆಯನ್ನು ಹಿಂಸಿಸುತ್ತಿದ್ದವನು. ಯೇಸುವಿನ ಸಹೋದರರು ಮೊದಲು ಆತನನ್ನು ನಂಬಿರಲಿಲ್ಲವೆಂದು ಯೊವಾನ್ನನ ಶುಭಸಂದೇಶವೇ ತಿಳಿಸುತ್ತದೆ. ಶಿಲುಬೆಗೇರಿದ ಮೆಸ್ಸೀಯನೆಂಬುದು ಅಂದಿನ ಯೆಹೂದ್ಯರು ನಿರೀಕ್ಷಿಸಿದ ಮಾತಾಗಿರಲಿಲ್ಲ. ಶಿಷ್ಯರು ತಮ್ಮ ಆಸೆಗೆ ತಕ್ಕಂತೆ ಅದನ್ನು ಕಟ್ಟಿದರೆನ್ನುವುದು ಕಷ್ಟ. ಇವುಗಳಲ್ಲಿ ಒಂದೊಂದನ್ನೇ ಬಿಡಿಯಾಗಿ ಪ್ರಶ್ನಿಸಬಹುದು. ಒಟ್ಟಾಗಿ ತೂಗಿದಾಗ ಅವುಗಳ ಬಲ ತಿಳಿಯುತ್ತದೆ.

ಆದರೂ ಇದು ಗಣಿತದ ಸಾಧನೆಯಲ್ಲ. ವಿಶ್ವಾಸವು ವಿವೇಕಕ್ಕೆ ಒಪ್ಪುವಂತೆ ದೇವರು ಬಾಹ್ಯ ಕುರುಹುಗಳನ್ನು ಕೊಟ್ಟಿದ್ದಾರೆ, ಆದರೂ ವಿಶ್ವಾಸವು ದೇವರ ವರ ಎಂದು 1870ರಲ್ಲಿ ಪ್ರಥಮ ವ್ಯಾಟಿಕನ್ ಮಹಾಸಭೆ ಕಲಿಸಿತು. ಹೀಗಿರಲು ಅನ್ಯ ಧರ್ಮಸ್ಥಾಪಕರನ್ನು ವಂಚಕರೆಂದು ಜರೆಯುವುದರಿಂದ ನಮ್ಮ ಸಾಕ್ಷ್ಯ ಬಲಗೊಳ್ಳದು. ಪ್ರಶ್ನಿಸಿದವರ ಮುಂದೆ ಈ ಕುರುಹುಗಳನ್ನು, ಅವುಗಳ ಮಿತಿಯನ್ನೂ ಮರೆಮಾಚದೆ, ಇಡುವುದು ನಮ್ಮ ಕರ್ತವ್ಯ.